ಬಳೆ ತೆಗೆದಿಡಿ ಎಂದ ಬಾಯಾರು

ಬಾಯಾರು ತೀರಿಕೊಂಡ ಸುದ್ದಿ ನಮ್ಮ ಶಾಲೆಯ ವಾಟ್ಸಾಪ್ ಗುಂಪಿಗೆ ಬಂದಾಗ ನಾನು ಮಕ್ಕಳ ವ್ಯಾನಿಗಾಗಿ ಗೇಟಿನಲ್ಲಿ ಕಾಯುತ್ತಿದ್ದೆ. ಹತ್ತು ನಿಮಿಷದೊಳಗೆ ಎಲ್ಲರೂ ಕೈಮುಗಿದ ಚಿತ್ರ ಹಾಕಿದರು. ನಾನು ಹಾಕಲಿಲ್ಲ. ಮಧ್ಯಾಹ್ನ ಹೆಡ್‌ಮಾಸ್ತರರು ಕರೆದು, ಅವರ ಕೈಕೆಳಗೆ ಕೆಲಸ ಮಾಡಿದವರು ನೀವು, ಶ್ರದ್ಧಾಂಜಲಿ ಸಭೆಯಲ್ಲಿ ನಾಲ್ಕು ಒಳ್ಳೆಯ ಮಾತಾಡಿ ಎಂದರು. ಗಂಟಲು ಸರಿಯಿಲ್ಲ ಎಂದೆ. ಗಂಟಲು ಸರಿಯಾಗಿಯೇ ಇತ್ತು, ಒಳ್ಳೆಯ ಮಾತು ಇರಲಿಲ್ಲ. ಸಭೆಯಲ್ಲಿ ಆಡಲಾಗದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಅವರ ಹೆಸರು ಬರೆಯುವುದಿಲ್ಲ. ಅವರನ್ನು ಹೆಸರು ಹಿಡಿದು ಕರೆದವರನ್ನು ನಾನು ನೋಡಿಯೂ ಇಲ್ಲ. ನಮ್ಮ ಕಡೆ ಟೀಚರಮ್ಮನನ್ನು ಮರ್ಯಾದೆಯಿಂದ ಕರೆಯುವ ಹಾಗೆ ಎಲ್ಲರಿಗೂ ಅವರು ಬಾಯಾರು.

ನಮ್ಮದು ನವನಗರದ ಒಂದು ವಿಶೇಷ ಶಾಲೆ. ಬರುವ ಮಕ್ಕಳಿಗೆ ಬುದ್ಧಿಯ ಬೆಳವಣಿಗೆ ತೀರ ಕಡಿಮೆ, ಕೆಲವರಿಗೆ ಕೈಕಾಲೂ ಮಾತು ಕೇಳುವುದಿಲ್ಲ. ಬೇರೆ ಶಾಲೆಗಳಲ್ಲಿ ವರ್ಷಕ್ಕೊಂದು ತರಗತಿ ದಾಟುತ್ತಾರೆ. ನಮ್ಮಲ್ಲಿ ವರ್ಷಕ್ಕೆ ಒಂದು ಲೋಟ, ಒಂದು ಗುಂಡಿ, ಒಂದು ಚಮಚ. ಅಂಗಿಯ ಗುಂಡಿ ಹಾಕಿಕೊಳ್ಳಲು ಕಲಿಯುವುದರಲ್ಲೇ ಎರಡು ಶಾಲಾ ವರ್ಷ ಕಳೆದ ಮಕ್ಕಳಿದ್ದಾರೆ. ಪ್ರತಿ ಮಗುವಿಗೂ ಒಂದು ಹಾಳೆ, ಅದರಲ್ಲಿ ಆ ವರ್ಷ ಕಲಿಸಬೇಕಾದ ಕೆಲಸಗಳು, ಎದುರಿಗೆ ಮೂರು ಕಾಲಂ. ತಾನೇ ಮಾಡುತ್ತದೆ, ಸುಳಿವು ಕೊಟ್ಟರೆ ಮಾಡುತ್ತದೆ, ಕೈ ಹಿಡಿದು ಮಾಡಿಸಬೇಕು. ಕಲಿಸುವವರು ನಾವು. ವರ್ಷದ ಕೊನೆಗೆ ಬಂದು ಕೂತು ನೋಡಿ, ಯಾವ ಕಾಲಮಿನಲ್ಲಿ ರೈಟ್ ಹಾಕಬೇಕೆಂದು ತೀರ್ಮಾನಿಸುವ ಪರೀಕ್ಷಕರು ಬಾಯಾರು.

ಅವರು ಬರುವುದನ್ನು ಕಣ್ಣಿಗಿಂತ ಮೊದಲು ಕಿವಿ ಹೇಳುತ್ತಿತ್ತು. ಚಪ್ಪಲಿ ಎಳೆದು ನಡೆಯುವ ಸದ್ದು, ಆಮೇಲೆ ರೆಕ್ಸಿನ್ ಚೀಲದ ಜಿಪ್ಪಿನ ಸದ್ದು. ಚೀಲದಲ್ಲಿ ಸೆಕೆಂಡು ಎಣಿಸುವ ಗಡಿಯಾರ, ನಾಲ್ಕು ಪೆನ್ನು, ಒಂದು ಸ್ಟೀಲ್ ಲೋಟ, ಊಟದ ಡಬ್ಬಿ. ಬಿಳಿ ಬಣ್ಣಕ್ಕೆ ಹತ್ತಿರದ ಸೀರೆಗಳು, ಬಲಗೈ ಬೋಳು, ಎಡಗೈಗೆ ತೊಗಲಿನ ಪಟ್ಟಿಯ ವಾಚು ಒಂದೇ. ಸಣ್ಣ ವಯಸ್ಸಿಗೇ ಗಂಡನನ್ನು ಕಳೆದುಕೊಂಡವರು ಎಂದು ಯಾರೋ ಹೇಳಿದ್ದರು. ಮಗುವಿನ ಕುರ್ಚಿಯಷ್ಟೇ ಎತ್ತರದ ಕುರ್ಚಿ ಎಳೆದುಕೊಂಡು ಕೂರುತ್ತಿದ್ದರು. ಮಗು ಏನು ಮಾಡಿದರೂ ಶಾಬಾಶ್ ಅನ್ನುತ್ತಿರಲಿಲ್ಲ, ನಗುತ್ತಲೂ ಇರಲಿಲ್ಲ. ನಗುವೂ ಸುಳಿವೇ ಅಂತೆ. ಮಧ್ಯಾಹ್ನ ನಾವೆಲ್ಲ ಒಟ್ಟಿಗೆ ಕೂತು ಚಟ್ನಿಪುಡಿ, ಪಲ್ಯ ಹಂಚಿಕೊಂಡು ಉಣ್ಣುವಾಗ ಅವರು ಕಿಟಕಿಯ ಕಡೆ ಮುಖ ಮಾಡಿ ಒಬ್ಬರೇ ರೊಟ್ಟಿ ತಿನ್ನುತ್ತಿದ್ದರು. ಪಂಕ್ತಿಯಲ್ಲಿ ಕೂತು ಉಂಡವರಿಗೆ ಮರುದಿನ ರೈಟ್ ಹಾಕುವಾಗ ದಾಕ್ಷಿಣ್ಯ ಹುಟ್ಟುತ್ತದೆಂಬ ಹೆದರಿಕೆ ಇರಬೇಕು.

ಒಮ್ಮೆ ಒಬ್ಬ ತಂದೆ ಧಾರವಾಡ ಪೇಡೆಯ ಡಬ್ಬಿ ಹಿಡಿದು ಓಡೋಡಿ ಬಂದಿದ್ದ. ಒಂಬತ್ತು ವರ್ಷದ ಮಗ ಮೊದಲ ಸಲ ಅಪ್ಪಾ ಅಂದಿದ್ದನಂತೆ. ನಾವೆಲ್ಲ ಕೈಯೊಡ್ಡಿ ಪೇಡೆ ತೆಗೆದುಕೊಂಡೆವು. ಬಾಯಾರು ತೆಗೆದುಕೊಳ್ಳಲಿಲ್ಲ, ಹುಡುಗನ ಎದುರು ಹದಿನೈದು ನಿಮಿಷ ಕೂತರು. ಎದ್ದು ಬಂದು ಆ ಮನುಷ್ಯನಿಗೆ, "ಫ್ಯಾನಿಗೂ ಅಪ್ಪಾ ಅಂತಾನ್ರಿ, ಬಾಗಲಕ್ಕೂ ಅಂತಾನ. ಇನ್ನೂ ಸ್ವಲ್ಪ ದಿವಸ ತಡೀರಿ" ಎಂದರು. ಅರ್ಧ ಖಾಲಿಯಾದ ಡಬ್ಬಿಯ ಮುಚ್ಚಳ ಹಾಕಲೋ ಬೇಡವೋ ತಿಳಿಯದೆ ಅವನು ನಿಂತಿದ್ದ. ನನ್ನ ಬಾಯಲ್ಲಿನ ಪೇಡೆ ನುಂಗಲಿಕ್ಕೆ ಆಗಲಿಲ್ಲ. ಇನ್ನೊಮ್ಮೆ ವಾರ್ಷಿಕೋತ್ಸವದಲ್ಲಿ ಒಂದು ಮಗು ದೀಪ ಹಚ್ಚಿದಾಗ ಸಭೆಯೆಲ್ಲ ಚಪ್ಪಾಳೆ ತಟ್ಟಿತು. ಮುಂದಿನ ಸಾಲಿನಲ್ಲಿ ಕೂತ ಬಾಯಾರು ಪಕ್ಕದ ಅತಿಥಿಗೆ ಕೇಳುವಂತೆಯೇ, ಕೈ ಹಿಡಿದು ಹಚ್ಚಿಸಿದ್ದಾರೆ ಎಂದರು. ನಿಜವೇ. ಹಿಡಿದ ಕೈ ನನ್ನದು. ಆದರೆ ಅದನ್ನು ಅಲ್ಲಿ ಹೇಳಬೇಕಾಗಿತ್ತೆ?

ಅವರ ಮಾತು ಒಂದೇ, ಯಾವಾಗಲೂ ಅದೇ: "ಮಾಡಿದ್ದು ಯಾರು?" ಮಗು ಮಾಡಿತೋ, ನೀವು ಮಾಡಿದಿರೋ ಎಂದರ್ಥ. ಮೂರು ಬೇರೆ ಬೇರೆ ಜನರ ಎದುರು ಮಾಡಿ ತೋರಿಸದ ಕೆಲಸಕ್ಕೆ ಮೊದಲನೇ ಕಾಲಮಿನಲ್ಲಿ ಅವರ ಪೆನ್ನು ಇಳಿಯುತ್ತಿರಲಿಲ್ಲ.

ರೇಣುಕಾ ನನ್ನ ತರಗತಿಯ ಹುಡುಗಿ. ಆಗ ಹದಿನಾರು ವಯಸ್ಸು. ಮಾತಿಲ್ಲ, ಕರೆದರೆ ತಿರುಗಿ ನೋಡುವುದಿಲ್ಲ, ಕೈಯಲ್ಲಿ ಕೊಟ್ಟ ವಸ್ತುವನ್ನು ಮರುಕ್ಷಣ ಬೀಳಿಸುತ್ತಿದ್ದಳು. ತಂದೆ ತೀರಿ ನಾಲ್ಕು ವರ್ಷವಾಗಿತ್ತು. ತಾಯಿ ಕಮರಿಪೇಟೆಯ ತಮ್ಮ ಓಣಿಗೆ ಹತ್ತಿರದ ಒಂದು ಖಾನಾವಳಿಯಲ್ಲಿ ಬೆಳಿಗ್ಗೆಯಿಂದ ಮಧ್ಯಾಹ್ನ ಮೂರರವರೆಗೆ ಜೋಳದ ರೊಟ್ಟಿ ಬಡಿಯುತ್ತಿದ್ದಳು. ಮಗಳು ಶಾಲೆಯಲ್ಲಿರುವಷ್ಟು ಹೊತ್ತು ಮಾತ್ರ ಅವಳಿಗೆ ದುಡಿಮೆ. ನಮ್ಮ ಆಡಳಿತ ಮಂಡಳಿಯದೊಂದು ನಿಯಮವಿತ್ತು. ದೊಡ್ಡ ಮಕ್ಕಳ ಹಾಳೆಯಲ್ಲಿ ಎರಡು ವರ್ಷ ಸತತವಾಗಿ ಮೊದಲನೇ ಕಾಲಮಿನಲ್ಲಿ ಒಂದೂ ರೈಟ್ ಬೀಳದಿದ್ದರೆ ಆ ಮಗುವನ್ನು ಮನೆಪಾಠದ ಪಟ್ಟಿಗೆ ಹಾಕಿ, ಜಾಗವನ್ನು ಕಾಯುತ್ತಿರುವ ಬೇರೆ ಮಗುವಿಗೆ ಕೊಡುವುದು. ಮನೆಪಾಠ ಎಂದರೆ ವಾರಕ್ಕೊಮ್ಮೆ ಒಬ್ಬ ಟೀಚರ್ ಮನೆಗೆ ಹೋಗಿ ಒಂದು ತಾಸು ಕೂತು ಬರುವುದು. ರೇಣುಕಾಳಿಗೆ ಒಂದು ವರ್ಷ ಖಾಲಿ ಹೋಗಿತ್ತು. ಆ ವರ್ಷ ಒಂದೇ ಒಂದು ರೈಟ್ ಬೀಳದಿದ್ದರೆ ತಾಯಿ ರೊಟ್ಟಿ ಬಡಿಯುವುದನ್ನು ಬಿಟ್ಟು ಮಗಳ ಎದುರು ಕೂರಬೇಕು.

ಹಾಗಾಗಿ ವರ್ಷಪೂರ್ತಿ ಒಂದೇ ಕೆಲಸ ಹಿಡಿದೆ. ಚಮಚದಿಂದ ತಾನೇ ತಿನ್ನುವುದು. ಮೊದಲ ತಿಂಗಳುಗಳಲ್ಲಿ ಅವಳ ಮುಂಗೈ ಮೇಲೆ ನನ್ನ ಕೈಯಿಟ್ಟು, ಚಮಚ ಹಿಡಿಸಿ, ತಟ್ಟೆಯಿಂದ ಬಾಯಿಗೆ ಒಯ್ಯಿಸುತ್ತಿದ್ದೆ. ಆಮೇಲೆ ಮುಂಗೈ ಬಿಟ್ಟು ಮೊಣಕೈ ಹಿಡಿದೆ, ಮೊಣಕೈ ಬಿಟ್ಟು ಬೆರಳು ಮುಟ್ಟಿಸಿದೆ, ಕೊನೆಗೆ ಅದೂ ಬಿಟ್ಟೆ. ದೀಪಾವಳಿ ರಜೆ ಮುಗಿದು ಬಂದ ಮೇಲೆ ಒಂದು ದಿನ ರೇಣುಕಾ ನಾನು ಮುಟ್ಟದೆಯೇ ಉಪ್ಪಿಟ್ಟನ್ನು ಚಮಚದಲ್ಲಿ ಎತ್ತಿ ಬಾಯಿಗಿಟ್ಟುಕೊಂಡಳು. ತಟ್ಟೆ ಖಾಲಿಯಾಗುವವರೆಗೂ ತಿಂದಳು. ಮೊಬೈಲಿನಲ್ಲಿ ಚಿತ್ರೀಕರಿಸಿ ಅವಳ ಅವ್ವನಿಗೆ ತೋರಿಸಿದೆ. ಹಿಟ್ಟಿನ ಕೈಯಲ್ಲೇ ಫೋನು ಹಿಡಿದು ಅವಳು ಮೂರು ಸಲ ನೋಡಿದಳು. ನನ್ನ ಕೆಲಸದಲ್ಲಿ ಅಂಥ ದಿನ ಅದಕ್ಕೆ ಮೊದಲು ಬಂದಿರಲಿಲ್ಲ.

ವರ್ಷದ ಕೊನೆಗೆ ಬಾಯಾರು ಬಂದರು. ನಾನು ಜಂಬದಿಂದಲೇ ವಿಡಿಯೋ ತೋರಿಸಿದೆ. ಒಮ್ಮೆ ನೋಡಿದರು. ಎರಡನೇ ಸಲ ಫೋನನ್ನು ಕಿವಿಯ ಹತ್ತಿರ ಹಿಡಿದು ಕಣ್ಣು ಮುಚ್ಚಿಕೊಂಡರು. ವಿಡಿಯೋವನ್ನು ಕಣ್ಣು ಮುಚ್ಚಿ ನೋಡಿದವರು ನನಗೆ ಗೊತ್ತಿದ್ದಂತೆ ಅವರೊಬ್ಬರೇ. ಕಣ್ಣು ತೆರೆದು ನನ್ನ ಕೈ ನೋಡಿದರು. ನನ್ನ ಮದುವೆಯಾಗಿ ಆಗ ಎರಡು ವರ್ಷವೂ ಆಗಿರಲಿಲ್ಲ. ಬಲಗೈಯಲ್ಲಿ ಡಜನ್ ಹಸಿರು ಗಾಜಿನ ಬಳೆ.

"ಅಕ್ಕೋರ, ಬಳಿ ತಗದಿಡ್ರಿ."

ನನಗೆ ಮೈ ಉರಿಯಿತು. ಮುತ್ತೈದೆಗೆ ಆಡುವ ಮಾತೇ ಅದು? ತೆಗೆಯುವುದಿಲ್ಲ ಎಂದೆ. ಅವರು ತಮ್ಮ ಕರವಸ್ತ್ರ ತೆಗೆದು, ಬಳೆಗಳನ್ನು ಮೊಣಕೈ ಕಡೆಗೆ ಸರಿಸಿ, ಅಲುಗದಂತೆ ಬಿಗಿಯಾಗಿ ಕಟ್ಟಿದರು. ರೇಣುಕಾಳ ಮುಂದೆ ಉಪ್ಪಿಟ್ಟಿನ ತಟ್ಟೆ ಇಟ್ಟು, ಗಡಿಯಾರ ಒತ್ತಿದರು. ಬಾಗಿಲಲ್ಲಿ ಅವಳ ಅವ್ವ, ಖಾನಾವಳಿಗೆ ಅರ್ಧ ದಿನ ರಜೆ ಹಾಕಿ ಬಂದು ನಿಂತಿದ್ದಳು. ಒಂದು ನಿಮಿಷ, ಎರಡು ನಿಮಿಷ. ರೇಣುಕಾ ಚಮಚ ಹಿಡಿದು ಸುಮ್ಮನೆ ಕೂತಿದ್ದಳು. ಐದು ನಿಮಿಷ. ಉಪ್ಪಿಟ್ಟು ಆರಿತು. ಅವಳ ಕೈ ಮೇಲೇಳಲಿಲ್ಲ.

ನಡೆದದ್ದು ಇಷ್ಟು. ಮಗುವಿಗೆ ಉಣಿಸುವ ತಾಯಿ ತಾನೂ ಬಾಯಿ ತೆರೆಯುತ್ತಾಳಲ್ಲ, ಹಾಗೆ ರೇಣುಕಾ ಎತ್ತಬೇಕಾದಾಗಲೆಲ್ಲ ನನ್ನ ಕೈ ನನಗೇ ತಿಳಿಯದೆ ಒಂದಿಷ್ಟು ಮೇಲೇಳುತ್ತಿತ್ತು. ಬಳೆ ಸದ್ದಾಗುತ್ತಿತ್ತು. ಮೊದಲ ದಿನದಿಂದ ಚಮಚ ಎದ್ದಾಗಲೆಲ್ಲ ಆ ಸದ್ದು ಕೇಳಿ ಕೇಳಿ, ಸದ್ದಾದರೆ ಚಮಚ ಎತ್ತಬೇಕೆಂದು ಅವಳು ಕಲಿತಿದ್ದಳು. ನಾನು ವರ್ಷವಿಡೀ ಕಲಿಸಿದ್ದು ಅದು. ಬಾಯಾರು ಎರಡನೇ ಕಾಲಮಿನಲ್ಲಿ ರೈಟ್ ಹಾಕಿದರು. ಸುಳಿವು ಕೊಟ್ಟರೆ ಮಾಡುತ್ತದೆ.

ನಾನು ಬೇಡಿಕೊಂಡೆ. ನಾಚಿಕೆ ಬಿಟ್ಟು ಬೇಡಿಕೊಂಡೆ. ಆ ತಾಯಿಯ ಕೆಲಸ ಹೋಗುತ್ತದೆ, ಒಂದು ಗೆರೆ ಆಚೆ ಈಚೆ ಆದರೆ ಯಾರಿಗೆ ನಷ್ಟ ಎಂದೆ.

"ನಿಯಮ ಕೆಟ್ಟದ್ದಿದ್ರ ಕಮಿಟಿಗಿ ಹೋಗಿ ಜಗಳಾಡ್ರಿ" ಎಂದರು. "ನನ್ನ ಕೈಲೆ ಸುಳ್ಳ ಬರಸಬ್ಯಾಡ್ರಿ."

ಕಮಿಟಿಗೆ ಹೋಗುವ ಧೈರ್ಯ ನನಗಿರಲಿಲ್ಲ, ಹೊಸ ನೌಕರಿ. ಅವರೂ ಹೋಗಲಿಲ್ಲ, ಅದನ್ನೂ ಹೇಳಬೇಕು. ಎದುರಿಗಿದ್ದವರು ಬಾಯಾರು, ಸಿಟ್ಟೆಲ್ಲ ಅವರ ಮೇಲೆಯೇ ಬಿತ್ತು. ಕರವಸ್ತ್ರ ಬಿಚ್ಚಿ ಅವರ ಮೇಜಿನ ಮೇಲೆ ಒಗೆದು, "ಬೋಳಗೈಯವರಿಗೆ ಬಳಿ ಸಪ್ಪಳ ಅಂದ್ರ ಹೊಟ್ಟೆಕಿಚ್ಚರಿ, ಮತ್ತೇನಲ್ಲ" ಎಂದೆ. ಕೋಣೆಯಲ್ಲಿದ್ದವರೆಲ್ಲ ಕೇಳಿಸಿಕೊಂಡರು. ಬಾಗಿಲಲ್ಲಿದ್ದ ರೇಣುಕಾಳ ಅವ್ವನೂ ಕೇಳಿಸಿಕೊಂಡಳು, ಅವಳದೂ ಬೋಳುಗೈ ಎಂಬುದು ನನಗೆ ಆ ಹೊತ್ತಿಗೆ ನೆನಪಾಗಲಿಲ್ಲ. ಬಾಯಾರು ಕರವಸ್ತ್ರ ಮಡಚಿ ಚೀಲದಲ್ಲಿಟ್ಟು, ಮುಂದಿನ ಮಗುವನ್ನು ಕರೆಯಿರಿ ಎಂದರು.

ಜೂನ್‌ನಿಂದ ರೇಣುಕಾ ಮನೆಪಾಠದ ಪಟ್ಟಿಗೆ ಬಿದ್ದಳು. ಅವ್ವನ ಖಾನಾವಳಿ ಕೆಲಸ ಹೋಯಿತು. ಮನೆಯಲ್ಲೇ ಕೂತು ಹಪ್ಪಳ ಲಟ್ಟಿಸಿ ಕೊಡುವುದು, ಸಿಕ್ಕ ದಿನ ಇತ್ತು, ಸಿಗದ ದಿನ ಇಲ್ಲ. ಆ ಮನೆಗೆ ಶನಿವಾರ ಹೋಗುವ ಪಾಳಿಯನ್ನು ನಾನೇ ಕೇಳಿ ತೆಗೆದುಕೊಂಡೆ. ನಾನು ಕೂತರೆ ರೇಣುಕಾ ಉಣ್ಣುತ್ತಿದ್ದಳು, ಅವ್ವ ಕೂತರೆ ಇಲ್ಲ. ಕಾರಣ ಅವ್ವನಿಗೆ ಬಿಡಿಸಿ ಹೇಳಿದೆ. ಮರುವಾರ ಹೋದಾಗ, "ಅಕ್ಕೋರ, ಬಾಗಲಾ ಹಾಕ್ರಿ" ಎಂದಳು. ಅಕ್ಕಿ ಡಬ್ಬಿಯೊಳಗಿಂದ ಕಾಗದದಲ್ಲಿ ಸುತ್ತಿದ ಹನ್ನೆರಡು ಹಸಿರು ಬಳೆ ತೆಗೆದಳು. ಮಗಳಿಗೆ ಎಂದು ಹೇಳಿ, ತನ್ನ ಅಳತೆಯದನ್ನು ಕೊಂಡು ತಂದಿದ್ದಳು. ಹಗಲು ಹನ್ನೆರಡು ಗಂಟೆಗೆ, ಚಿಲಕ ಹಾಕಿದ ಕೋಣೆಯಲ್ಲಿ, ಗಂಡ ಸತ್ತು ನಾಲ್ಕು ವರ್ಷದ ಮೇಲೆ ಆ ಹೆಂಗಸು ಬಳೆ ತೊಟ್ಟುಕೊಂಡು ಮಗಳ ಮುಂದೆ ಕೂತಳು. ರೇಣುಕಾ ಚಮಚ ಎತ್ತಿದಳು. ಅವ್ವ ಒಂದು ಕಣ್ಣಲ್ಲಿ ಮಗಳನ್ನೂ ಇನ್ನೊಂದರಲ್ಲಿ ಬಾಗಿಲನ್ನೂ ನೋಡುತ್ತಿದ್ದಳು. ಓಣಿಯ ಮಂದಿಗೆ ಕಂಡರೆ ನೂರೆಂಟು ಮಾತು.

ಮೊದಲನೇ ಕಾಲಮಿನಲ್ಲಿ ಒಂದು ರೈಟ್ ಬಿದ್ದರೆ ಶಾಲೆಯ ಜಾಗ ಮರಳಿ ಕೇಳಬಹುದಿತ್ತು. ಈಗ ನೋಡೋಣ ಎಂದುಕೊಂಡು ನಾನು ಬಾಯಾರಿಗೆ ಅರ್ಧವಾರ್ಷಿಕ ಪರೀಕ್ಷೆಗೆ ಬರಬೇಕೆಂದು ಬರೆದು ಕೊಟ್ಟೆ. ಅವರು ಸಿಟಿ ಬಸ್ಸಿನಲ್ಲಿ, ಅದೇ ಚೀಲ ಹಿಡಿದು, ಓಣಿ ಹುಡುಕಿಕೊಂಡು ಬಂದರು. ಬಾಗಿಲು ಹಾಕಿಕೊಂಡೆವು. ನಾನು ಕೂತಾಗ ರೇಣುಕಾ ಮೊಸರನ್ನ ತಿಂದಳು. ಅವ್ವ ಕೂತಾಗಲೂ ತಿಂದಳು. ಬಾಯಾರು ಅವ್ವನ ಕೈಯನ್ನು ಸ್ವಲ್ಪ ಹೊತ್ತು ನೋಡಿದರು. ಮೂರನೆಯವರು ಯಾರು ಎಂದು ಕೇಳಿದರು. ಮೂರನೆಯವರು ಇರಲಿಲ್ಲ, ಓಣಿಯವರನ್ನು ಆ ಕೋಣೆಗೆ ಕರೆಯುವುದು ಹೇಗೆ?

ಅವರು ಹಾಳೆ ಪಕ್ಕಕ್ಕಿಟ್ಟರು. ಬಲಗೈಯನ್ನು ಅವ್ವನ ಮುಂದೆ ಚಾಚಿದರು. "ತೊಡಸ್ರಿ" ಎಂದರು.

ಅವ್ವ ನನ್ನ ಮುಖ ನೋಡಿದಳು. ನಾನು ಎಲ್ಲಿ ನೋಡಲಿ? ತನ್ನ ಕೈಯಿಂದ ಒಂದೊಂದೇ ತೆಗೆದು ಆ ಕೈಗೆ ಏರಿಸಿದಳು. ಬಾಯಾರ ಗೆಣ್ಣು ದಪ್ಪ, ಎಷ್ಟೋ ವರ್ಷ ಬಳೆ ಕಾಣದ ಕೈ. ಒಂದು ಬಳೆ ಗೆಣ್ಣಿನ ಮೇಲೆ ಒಡೆಯಿತು. ಇಬ್ಬರೂ ನೆಲದ ಮೇಲಿನ ಚೂರು ನೋಡಿದರು. ಹನ್ನೊಂದು ಬಳೆಯ ಕೈ ಮುಂದಿಟ್ಟುಕೊಂಡು ಬಾಯಾರು ರೇಣುಕಾಳ ಎದುರು ಕೂತರು, ನಾನು ತೋರಿಸಿದಂತೆ ಕೈ ಅಲುಗಿಸಿದರು. ರೇಣುಕಾ ಉಳಿದ ಮೊಸರನ್ನವನ್ನೆಲ್ಲ ತಿಂದಳು. ನನಗೆ ಕುಣಿಯಬೇಕೆನಿಸಿತು. ಆ ಗಳಿಗೆಯಲ್ಲಿ, ಖರೇ ಹೇಳುತ್ತೇನೆ, ಅವರ ಮೇಲಿನ ಸಿಟ್ಟೆಲ್ಲ ಇಳಿದಿತ್ತು.

ಅವರು ಹಾಳೆ ತೊಡೆಯ ಮೇಲಿಟ್ಟುಕೊಂಡು ಬರೆಯತೊಡಗಿದರು. ಬರೆಯುವ ಕೈಯ ಬಳೆ ಸದ್ದಾಯಿತು. ರೇಣುಕಾ ಖಾಲಿ ಚಮಚವನ್ನು ಖಾಲಿ ತಟ್ಟೆಗೆ ಹಾಕಿ ಎತ್ತಿ ಬಾಯಿಗಿಟ್ಟುಕೊಂಡಳು. ಬಾಯಾರ ಪೆನ್ನು ನಿಂತಿತು. ಚಮಚವೂ ನಿಂತಿತು. ಮತ್ತೆ ಎರಡು ಅಕ್ಷರ ಬರೆದರು. ಮತ್ತೆ ಖಾಲಿ ಚಮಚ ಮೇಲೆ ಬಂತು. ಅವ್ವ ಸೆರಗು ಬಾಯಿಗೆ ಒತ್ತಿಕೊಂಡಳು. ಬಾಯಾರು ರೇಣುಕಾಳನ್ನೇ ನೋಡುತ್ತ ಕೂತರು, ಆಮೇಲೆ ಎರಡನೇ ಕಾಲಮಿನಲ್ಲಿ ರೈಟ್ ಹಾಕಿದರು. ಬಳೆ ತೊಟ್ಟ ಕೈಯಿಂದಲೇ ಹಾಕಿದರು.

"ಮೂರು ಮಂದಿ ಆತಲ್ರಿ ಬಾಯಾರ. ಇನ್ನೇನು ಬೇಕು ನಿಮಗ?" ಎಂದೆ.

"ನಾಳೆ ಬಳಿಗಾರ ಓಣ್ಯಾಗ ಹಾದು ಹೋದ್ರ ಈ ಹುಡುಗಿ ಬರೇ ಚಮಚ ಬಾಯಿಗಿ ಇಟ್ಕೋತದ. ಅದಕ್ಕ ಊಟ ಅಂತಾರೇನ್ರಿ?"

ಹೆತ್ತವಳ ಎದುರು ಆಡಿದ ಮಾತು ಅದು. ಹಾಳೆಯ ಕೆಳಗೆ ಇನ್ನೊಂದು ಸಾಲು ಬರೆದರು: ಬಳೆ ಕಡಿಮೆ ಮಾಡುತ್ತ ಬರುವುದು, ಹನ್ನೊಂದು, ಎಂಟು, ನಾಲ್ಕು, ಒಂದು. ಸೋಪು ಹಚ್ಚಿ ಬಳೆ ತೆಗೆಸಿಕೊಂಡು, ಚಹಾ ಬೇಡವೆಂದು ಹೊರಟುಹೋದರು. ಕೈ ಗೆಣ್ಣಿನ ಮೇಲೆ ಗಾಜು ಗೀರಿದ ಕೆಂಪು ಗೆರೆ ಕಾಣುತ್ತಿತ್ತು. ನನಗೆ ಮರುಕ ಹುಟ್ಟಲಿಲ್ಲ.

ಅವರು ಬರೆದದ್ದನ್ನೇ ಮಾಡಿದೆವು. ಬೇರೆ ದಾರಿ ಇರಲಿಲ್ಲ. ಎಂಟಕ್ಕಿಳಿಸಿದಾಗ ರೇಣುಕಾ ಒಂದು ತಿಂಗಳು ಚಮಚ ಮುಟ್ಟಲಿಲ್ಲ. ನಾಲ್ಕಕ್ಕಿಳಿಸಿದಾಗ ಜ್ವರ ಬಂದು ಮತ್ತೆ ಹನ್ನೊಂದಕ್ಕೆ ಏರಿಸಬೇಕಾಯಿತು. ಒಂದು ಬಳೆ ಸದ್ದು ಮಾಡುವುದಿಲ್ಲ, ಎರಡಾದರೂ ಬೇಕು ಎನ್ನುವುದು ಅವರಿಗೆ ತಿಳಿದಿರಲಿಲ್ಲ, ಬೋಳುಗೈಯವರಲ್ಲವೆ ಎಂದು ನಾನು ಮನಸ್ಸಿನಲ್ಲೇ ಆಡಿಕೊಂಡೆ. ಬಳೆಯೇ ಇಲ್ಲದ ಅವ್ವನ ಎದುರು ರೇಣುಕಾ ಮೊದಲ ಸಲ ಇಡೀ ತಟ್ಟೆ ಉಂಡು ಮುಗಿಸುವಾಗ ಒಂದೂವರೆ ವರ್ಷ ದಾಟಿತ್ತು. ಪಕ್ಕದ ಮನೆಯ ಅಜ್ಜಿ ಕೂತರೂ ಉಂಡಳು. ನಾನು ಕೈಕಟ್ಟಿ ಕೂತರೂ ಉಂಡಳು. ಅಷ್ಟರಲ್ಲಿ ಅವಳಿಗೆ ಹದಿನೆಂಟು ತುಂಬಿ ಎರಡು ತಿಂಗಳಾಗಿತ್ತು. ನಮ್ಮ ಶಾಲೆ ಹದಿನೆಂಟಕ್ಕೆ ಮುಗಿಯುತ್ತದೆ. ರೇಣುಕಾಳಿಗೆ ಶಾಲೆಯ ಜಾಗ ಮತ್ತೆ ಸಿಗಲೇ ಇಲ್ಲ.

ಬಾಯಾರು ಆಗ ನಿವೃತ್ತರಾಗಿ ಧಾರವಾಡದಲ್ಲಿದ್ದರು. ಆ ಹಾಳೆ ತೆಗೆದುಕೊಂಡು ಹೋದೆ. ಆ ತಾಯಿ ಕಳೆದುಕೊಂಡದ್ದನ್ನೆಲ್ಲ ಮುಖಕ್ಕೇ ಹೇಳಿ ಬರಬೇಕೆಂದು ಬಸ್ಸಿನುದ್ದಕ್ಕೂ ಮಾತು ಜೋಡಿಸಿಕೊಂಡಿದ್ದೆ. ಅವರು ಕನ್ನಡಕ ಹಾಕಿಕೊಂಡು ಓದಿದರು. ಮೂರನೆಯವರು ಯಾರು ಎಂದರು. ಪಕ್ಕದ ಮನೆಯ ಅಜ್ಜಿ ಎಂದೆ. ಅಜ್ಜಿಯ ಕೈಯಲ್ಲಿ ಬಳೆ ಇದೆಯೆ ಎಂದರು. ಇಲ್ಲ ಎಂದೆ. ಪೆನ್ನು ತೆಗೆದು ಮೊದಲನೇ ಕಾಲಮಿನಲ್ಲಿ ರೈಟ್ ಹಾಕಿದರು. ಯಾವ ಕಚೇರಿಯೂ ನೋಡದ, ಯಾರಿಗೂ ಯಾವ ಜಾಗವನ್ನೂ ಕೊಡಿಸದ ರೈಟ್.

"ಹುಡುಗಿ ಛಲೋ ಕಲ್ತದ" ಎಂದರು. ಕಲಿಸಿದವಳ ಬಗ್ಗೆ ಒಂದು ಮಾತಿಲ್ಲ. ಆ ತಾಯಿ ಹೇಗಿದ್ದಾಳೆಂದು ಒಂದು ಪ್ರಶ್ನೆಯಿಲ್ಲ. ಜೋಡಿಸಿಟ್ಟುಕೊಂಡ ಮಾತು ಬಾಯಿಗೆ ಬರಲಿಲ್ಲ. ನಾನೂ ಚಹಾ ಬೇಡವೆಂದು ಎದ್ದೆ. ಅವರನ್ನು ನೋಡಿದ್ದು ಅದೇ ಕೊನೆ.

ಶ್ರದ್ಧಾಂಜಲಿ ಸಭೆಗೆ ಹೋಗದೆ ಆ ಹೊತ್ತಿಗೆ ನಾನು ಕಮರಿಪೇಟೆಗೆ ಹೋದೆ. ರೇಣುಕಾಳ ಅವ್ವ ಈಗ ಮತ್ತೆ ಖಾನಾವಳಿಗೆ ಹೋಗುತ್ತಾಳೆ, ಅರ್ಧ ದಿನ. ಮಧ್ಯಾಹ್ನ ಅಜ್ಜಿ ಬಂದು ತಟ್ಟೆ ಮುಂದಿಟ್ಟರೆ ಸಾಕು, ರೇಣುಕಾ ಉಣ್ಣುತ್ತಾಳೆ. ಅಂದು ರಜೆ, ಅವ್ವ ಮನೆಯಲ್ಲೇ ಇದ್ದಳು. ಬಾಯಾರು ತೀರಿಕೊಂಡರು ಎಂದೆ. ಅವಳು ಅನ್ನ ಬಡಿಸುವುದನ್ನು ನಿಲ್ಲಿಸಲಿಲ್ಲ.

"ಅವತ್ತ ಒಂದು ಗೆರಿ ಎಳದಿದ್ರ ಅವರ ಗಂಟೇನ ಹೋಗ್ತಿತ್ರಿ ಅಕ್ಕೋರ" ಎಂದಳು.

ಏನೂ ಹೋಗುತ್ತಿರಲಿಲ್ಲ ಎಂದೆ. ಗೆರೆ ಎಳೆದಿದ್ದರೆ ಹುಡುಗಿ ಶಾಲೆಯಲ್ಲೇ ಇರುತ್ತಿದ್ದಳು, ನನ್ನ ಬಳೆ ಸದ್ದಿಗೆ ಇನ್ನೆರಡು ವರ್ಷ ಉಣ್ಣುತ್ತಿದ್ದಳು, ಆಮೇಲೆ ಮನೆಗೆ ಬಂದು ಅಜ್ಜಿಯ ಎದುರು ಚಮಚ ಹಿಡಿದು ಸುಮ್ಮನೆ ಕೂರುತ್ತಿದ್ದಳು. ಅದನ್ನು ನಾನು ಅವ್ವನಿಗೆ ಹೇಳಲಿಲ್ಲ. ಅವಳು ಕಳೆದುಕೊಂಡ ಎರಡು ವರ್ಷದ ದುಡಿಮೆಯ ಎದುರು ಅದನ್ನು ಹೇಳುವ ಬಾಯಿ ನನಗಿಲ್ಲ, ಬಾಯಾರಿಗಿತ್ತು.

ಅವ್ವ ತಟ್ಟೆಯನ್ನು ಮಗಳ ಮುಂದಿಟ್ಟು ಒಳಗೆ ಹೋದಳು. ಕೋಣೆಯಲ್ಲಿ ರೇಣುಕಾ ಮತ್ತು ನಾನು ಇಬ್ಬರೇ. ಅವಳು ಚಮಚ ಹಿಡಿದಾಗ ನೋಡಿಕೊಂಡೆ, ನನ್ನ ಎಡಗೈ ತಾನಾಗಿ ಬಂದು ಬಲಗೈ ಬಳೆಗಳನ್ನು ಅಲುಗದಂತೆ ಹಿಡಿದುಕೊಂಡಿತ್ತು. ಯಾವ ಮಗು ಊಟಕ್ಕೆ ಕೂತರೂ ಈಗ ಹಾಗೇ ಆಗುತ್ತದೆ. ಮನೆಯಲ್ಲಿ ನನ್ನ ಮಗಳು ಉಣ್ಣುವಾಗಲೂ ಬಿಡುವುದಿಲ್ಲ, ಆ ಕೈಯೊಳಗಿನಿಂದ ನನಗೆ ಬಾಯಾರನ್ನು ಕಿತ್ತು ಹಾಕಲಿಕ್ಕಾಗುತ್ತಿಲ್ಲ. ಸದ್ದಿಲ್ಲದ ಕೋಣೆಯಲ್ಲಿ ರೇಣುಕಾ ಚಮಚ ಎತ್ತಿ ಬಾಯಿಗಿಟ್ಟುಕೊಂಡಳು. ಶಾಬಾಶ್ ಎಂದು ನಾಲಗೆಯ ತುದಿಗೆ ಬಂದದ್ದನ್ನು ನುಂಗಿಕೊಂಡೆ.